ಹತ್ತು ಮೀಟರಿನ ಹಲಗೆ

ಅಕಾಡೆಮಿ,
13 ಜುಲೈ 2025

ಸಂಜು ಅಣ್ಣಾ,

ಈ ಪತ್ರವನ್ನು ಭಾಲ್ಕಿಯ ನಿನ್ನ ಗ್ಯಾರೇಜಿನ ವಿಳಾಸಕ್ಕೇ ಹಾಕುತ್ತಿದ್ದೇನೆ. ಊರಿಗೆ ಹಾಕಿದರೆ ಅಪ್ಪ ಯಾರ ಕೈಯಲ್ಲಾದರೂ ಓದಿಸುತ್ತಾನೆ, ಓದಿದವರು ಸಂಜೆಯೊಳಗೆ ಔರಾದ ಬಸ್‌ ನಿಲ್ದಾಣದ ತನಕ ಸುದ್ದಿ ಮುಟ್ಟಿಸುತ್ತಾರೆ. ನೀನು ಓದಿ, ಅಪ್ಪ-ಅವ್ವನಿಗೆ ಎಷ್ಟು ಬೇಕೋ ಅಷ್ಟು ಹೇಳು. ಈ ಸೈನ್ಯದ ಅಕಾಡೆಮಿಗೆ ಬಂದ ದಿನವೇ ಮೊಬೈಲನ್ನು ಇಸಿದುಕೊಂಡು ಕಪಾಟಿನಲ್ಲಿ ಬೀಗ ಹಾಕಿದರು. ರವಿವಾರ ಎರಡು ನಿಮಿಷ ಫೋನು ಕೊಡುತ್ತಾರೆ. ಅದು ಅವ್ವನ ಅಳುವಿಗೇ ಸಾಲುವುದಿಲ್ಲ.

ಕೂದಲು ಹೋಯಿತು. ಕಿವಿಯ ಮೇಲಕ್ಕೆ ಕತ್ತರಿಸಿದ್ದಾರೆ. ಕನ್ನಡಿಯಲ್ಲಿ ನನ್ನ ಬದಲು ಎಂಟನೇ ಇಯತ್ತೆಯ ನೀನು ಕಂಡೆ. ಇಲ್ಲಿ ಮೊದಲ ವರ್ಷದವರು ನಡೆಯುವಂತಿಲ್ಲ, ಊಟಕ್ಕೆ ಹೋದರೂ ಓಡಬೇಕು. ಊಟಕ್ಕೆ ಕೂತಾಗ ಬೆನ್ನು ಕುರ್ಚಿಗೆ ತಾಗಬಾರದು. ತರಗತಿಯಿಂದ ತರಗತಿಗೆ ಸೈಕಲ್ಲಿನಲ್ಲಿ ಸಾಲಾಗಿ ಹೋಗುತ್ತೇವೆ. ಒಬ್ಬರು ಸಾಲು ತಪ್ಪಿದರೆ ಎಲ್ಲರೂ ಸೈಕಲ್ಲನ್ನು ತಲೆಯ ಮೇಲೆ ಹೊತ್ತು ಓಡಬೇಕು. ಮೊನ್ನೆ ಹೊತ್ತು ಓಡುವಾಗ ಚೈನಿನ ಎಣ್ಣೆ ಕುತ್ತಿಗೆಯೊಳಗೆ ಇಳಿಯಿತು. ನಿನ್ನ ಗ್ಯಾರೇಜಿನ ವಾಸನೆ ಬಂದು ಒಂದು ಕ್ಷಣ ಖುಷಿಯಾಯಿತು.

ಓಟದಲ್ಲಿ ನನ್ನನ್ನು ಯಾರೂ ಹಿಂದೆ ಹಾಕಿಲ್ಲ. ಅದು ನೀನು ಕಲಿಸಿದ್ದು. ಆದರೆ ಬಾಯಿ ಬಿಟ್ಟರೆ ನಗುತ್ತಾರೆ. ಎರಡನೇ ದಿನ ಒಬ್ಬ ಸೀನಿಯರ್ ಹಿಂದಿಯಲ್ಲಿ, "ಇನ್ನೊಂದು ಸುತ್ತು ಓಡುತ್ತೀಯಾ?" ಎಂದು ಕೇಳಿದಳು. ನಾನು ಬೇಡ ಎನ್ನಲು ನಮ್ಮ ಬೀದರದ ಹಿಂದಿಯಲ್ಲಿ, "ನಕ್ಕೋ ಮೇಡಮ್" ಎಂದೆ. ಇಡೀ ಸಾಲು ನಕ್ಕಿತು. ಈಗ ಸ್ಕ್ವಾಡ್ರನ್ನಿನಲ್ಲಿ, ಅಂದರೆ ನಮ್ಮ ತಂಡದಲ್ಲಿ, ನನ್ನ ಹೆಸರು ಸಿದ್ದೇಶ್ವರಿ ಅಲ್ಲ, ನಕ್ಕೋ.

ಎದುರು ಕೋಣೆಯ ಖುಷ್ಬೂ ಮಾತ್ರ ಸಿದ್ದಿ ಎನ್ನುತ್ತಾಳೆ. ಗ್ವಾಲಿಯರಿನವಳು. ಚಾಕು-ಮುಳ್ಳುಚಮಚ ಹಿಡಿಯುವುದನ್ನು ದೀಪ ಆರಿಸುವ ಮೊದಲು ಕದ್ದು ಕಲಿಸಿದವಳು ಅವಳೇ. ಅವಳ ಕಾಲಿನ ಬೊಬ್ಬೆಗಳಿಗೆ ನಾನು ಪಟ್ಟಿ ಕಟ್ಟುತ್ತೇನೆ, ನನ್ನವಕ್ಕೆ ಅವಳು.

ಈಜುಕೊಳವೂ ಇದೆ. ಅದರ ಮೇಲೆ ಒಂದು ಹಲಗೆ, ನೀರಿನಿಂದ ಹತ್ತು ಮೀಟರು. ಮೂರನೇ ಮಹಡಿಯಷ್ಟು ಆಗುತ್ತದೆ. ಈಜು ಬಂದರೂ ಬರದಿದ್ದರೂ ಎಲ್ಲರೂ ಅಲ್ಲಿಂದ ಒಮ್ಮೆ ಜಿಗಿಯಲೇಬೇಕಂತೆ. ಇದನ್ನು ಅವ್ವನಿಗೆ ಹೇಳಬೇಡ.

ನಿನ್ನ ತಂಗಿ,
ಸಿದ್ದಿ

*

ಭಾಲ್ಕಿ,
27 ಜುಲೈ 2025

ತಂಗಿ ಸಿದ್ದಿಗೆ,

ನಿನ್ನ ಪತ್ರ ಬಂದಾಗ ನಾನು ಒಂದು ಬುಲೆಟ್ಟಿನ ಕೆಳಗೆ ಮಲಗಿದ್ದೆ. ಪೋಸ್ಟಮನ್ ಹೆಸರು ಕೂಗಿದ ಕೂಡಲೇ ಎದ್ದು ತಲೆಗೆ ಸೈಲೆನ್ಸರ್ ಬಡಿಸಿಕೊಂಡೆ. ಎಣ್ಣೆ ಕೈ ಹತ್ತಬಾರದೆಂದು ಲಕೋಟೆಯನ್ನು ಪೋಸ್ಟಮನ್ನನ ಕೈಯಲ್ಲೇ ಒಡೆಸಿದೆ.

ಹೋದ ರವಿವಾರ ಊರಿಗೆ ಹೋಗಿದ್ದೆ. ಅಪ್ಪ ಕುರಿ ಹೊಡೆದುಕೊಂಡು ಬರುವ ತನಕ ಕಾಯ್ದು ಓದಿ ಹೇಳಿದೆ. ಹಲಗೆಯ ಮಾತು ಬಿಟ್ಟೆ. "ಹೊಟ್ಟಿ ತುಂಬ ಊಟಾ ಸಿಗ್ತದೇನು ಕೇಳು" ಅಂದ. ಆಮೇಲೆ ಕುರಿಗಳನ್ನು ದೊಡ್ಡಿಗೆ ಕೂಡಿ ಬಂದು, "ಕೂದಲಾ ಮತ್ತ ಬೆಳೀತಾವ, ಏನ್ ಫಿಕರ್ ಇಲ್ಲ" ಅಂದ. ಅವ್ವನಿಗಲ್ಲ, ತನಗೇ ಹೇಳಿಕೊಂಡಂತೆ ಇತ್ತು.

ಕಾಕಾನ ಮಗಳು ಮಾಯಾ ನಿನ್ನ ಪತ್ರವನ್ನು ನನ್ನ ಕೈಯಿಂದ ಕಸಿದುಕೊಂಡು ತಾನೇ ಓದಿಬಿಟ್ಟಳು. ಹಲಗೆಯ ಸುದ್ದಿ ಅವಳಿಗೆ ಗೊತ್ತಾಯಿತು. ಒಂಬತ್ತನೇ ಇಯತ್ತೆಯ ಹುಡುಗಿ, ಬಾಯಿ ಎಲ್ಲಿ ನಿಲ್ಲುತ್ತದೆ? ಈಗ ಸಾಲಿಯಲ್ಲಿ ಎಲ್ಲರಿಗೂ ಗೊತ್ತು. ಹೆಡ್‌ಮಾಸ್ತರರು ನನ್ನನ್ನು ಕರೆಸಿ, "ಆಗಸ್ಟ್ ಹದಿನೈದಕ್ಕ ನೀನು ಬಂದು ತಂಗಿ ಬಗ್ಗೆ ನಾಕ್ ಮಾತು ಹೇಳಬೇಕಪಾ" ಅಂದರು. ನಾನು ಮೂರು ಸಲ ಸಿಪಾಯಿ ಭರ್ತಿಗೆ ಓಡಿ, ಮೂರು ಸಲವೂ ಎದೆ ಅಳತೆಯಲ್ಲಿ ಹೊರಗೆ ಬಿದ್ದವನು. ಮೈಕಿನ ಮುಂದೆ ನಿಲ್ಲುವ ಯೋಗ್ಯತೆ ನನಗೆ ನಿನ್ನಿಂದ ಬಂತು.

ಅದಕ್ಕೆ ಕೇಳುತ್ತೇನೆ, ಜಿಗಿದೆಯಾ? ಹದಿನೈದರೊಳಗೆ ಬರಿ. ಅದನ್ನೇ ಮೊದಲು ಹೇಳುತ್ತೇನೆ.

ಸಂಜುಕುಮಾರ

*

ಅಕಾಡೆಮಿ,
8 ಆಗಸ್ಟ್ 2025

ಅಣ್ಣಾ,

ಜಿಗಿದೆ. ಪಾಸು.

ಬುಧವಾರ ಬೆಳಿಗ್ಗೆ ಆಯಿತು. ಮೇಲೆ ನಿಂತಾಗ ಗಾಳಿ ಜೋರಾಗಿತ್ತು. ಕೆಳಗೆ ಬಂದ ಮೇಲೆ ಮೂಗಿನಲ್ಲಿ ನೀರು ಹೋಗಿ ಉರಿಯಿತು. ಇಷ್ಟೇ. ಹೆಚ್ಚು ಬರೆಯಲು ಸಮಯವಿಲ್ಲ, ನಾಳೆ ಕೋಣೆಯ ತಪಾಸಣೆ ಇದೆ, ಬೂಟಿನಲ್ಲಿ ಮುಖ ಕಾಣುವ ತನಕ ಉಜ್ಜಬೇಕು.

ಖುಷ್ಬೂಗೆ ಅದೇ ದಿನ ಕಿವಿಗೆ ಪೆಟ್ಟಾಗಿ ಆಸ್ಪತ್ರೆಯಲ್ಲಿದ್ದಾಳೆ.

ಅಪ್ಪನಿಗೆ ಹೇಳು, ಊಟ ಹೊಟ್ಟೆ ತುಂಬ ಸಿಗುತ್ತದೆ.

ಸಿದ್ದಿ

*

ಭಾಲ್ಕಿ,
18 ಆಗಸ್ಟ್ 2025

ಸಿದ್ದಿ,

ನೀನು ಇಲ್ಲಿ ಇರಬೇಕಿತ್ತು!

ಪತ್ರ ಹದಿನಾಲ್ಕಕ್ಕೆ ಕೈ ಸೇರಿತು. ಹದಿನೈದರ ಬೆಳಿಗ್ಗೆ ಮಳೆ ಹಿಡಿದುಕೊಂಡಿತ್ತು, ಸಾಲಿಯ ವರಾಂಡದಲ್ಲೇ ಧ್ವಜ ಏರಿಸಿದರು. ನನ್ನ ಸರದಿ ಬಂತು. ಮೊದಲು ಮೈಕನ್ನು ನನ್ನ ಎತ್ತರಕ್ಕೆ ಏರಿಸಿಕೊಂಡೆ. ಆಮೇಲೆ ಹೇಳಿದೆ: "ನೋಡ್ರಿ, ನಮ್ಮ ಸಾಲಿ ಮ್ಯಾಲ ಇನ್ನೆರಡು ಸಾಲಿ ಇಟ್ರ ಎಷ್ಟ್ ಎತ್ತರ ಆಗ್ತದ, ಅಷ್ಟ್ ಎತ್ತರಲಿಂದ ನಮ್ಮ ಸಿದ್ದಿ ಜಿಗದಾಳ. ಆಕಿಗಿ ಈಜು ಬರಂಗಿಲ್ಲ. ಅಂದ್ರೂ ಜಿಗದಾಳ." ಮಕ್ಕಳು ಚಪ್ಪಾಳೆ ನಿಲ್ಲಿಸಲೇ ಇಲ್ಲ. ಹಿಂದಿನ ಸಾಲಿನಲ್ಲಿ ಅಪ್ಪ ನಿಂತಿದ್ದ. ಹೆಗಲ ಮೇಲಿನ ಕಂಬಳಿ ತೆಗೆದು ಕೈಯಲ್ಲಿ ಮಡಚಿ ಹಿಡಿದುಕೊಂಡಿದ್ದ, ದೊಡ್ಡವರ ಮುಂದೆ ನಿಂತಾಗ ಹಿಡಿಯುತ್ತಾನಲ್ಲ, ಹಾಗೆ. ನಾನು ಮಾತಿನಲ್ಲಿ ಸ್ವಲ್ಪ ಮಸಾಲೆ ಸೇರಿಸಿದೆ. ನೀನು ನಗುತ್ತಾ ಜಿಗಿದೆ ಅಂದೆ. ಮಾಫ್ ಮಾಡು.

ಅಂದಿನಿಂದ ಮಾಯಾಳದು ಒಂದೇ ಹಟ, ತಾನೂ ಅಲ್ಲಿಗೇ ಹೋಗುವವಳು. "ಅಣ್ಣಾ, ಮೊದಲಾ ಈಜು ಕಲಸು, ಅಕ್ಕಗ ಬರ್ತಿದ್ದಿಲ್ಲ, ನಂಗ ಬರ್ಲಿ" ಅನ್ನುತ್ತಾಳೆ. ಈ ವರ್ಷ ಮಳೆ ಜೋರು, ಹೊಲದ ಬಾವಿ ತುಂಬಿದೆ. ರವಿವಾರ ರವಿವಾರ ತೇಲಲು ಬೆನ್ನಿಗೆ ಖಾಲಿ ಡಬ್ಬಿ ಕಟ್ಟಿ ಇಳಿಸುತ್ತೇನೆ ಅಂದಿದ್ದೇನೆ. ಅವಳ ಅವ್ವ ವಿಮಲಾಬಾಯಿ ಕಾಕಿ ಮೊದಲು ಒಲ್ಲೆ ಅಂದಳು, ಆಮೇಲೆ "ಸಿದ್ದಿ ಹಂಗ ಆಗ್ತಾಳಂದ್ರ ಕಲಸಪಾ" ಅಂದಳು.

ನಿನ್ನ ಪತ್ರ ಯಾಕೆ ಅಷ್ಟು ಚಿಕ್ಕದು? ಮುಂದಿನ ಸಲ ಉದ್ದ ಬರಿ. ಮೇಲಿನಿಂದ ಏನು ಕಂಡಿತು, ಏನು ಅನಿಸಿತು, ಎಲ್ಲ ಬರಿ.

ಸಂಜು

*

ಅಕಾಡೆಮಿ,
7 ಸೆಪ್ಟೆಂಬರ್ 2025

ಅಣ್ಣಾ,

ಆ ಜಿಗಿತದ ಮಾತನ್ನು ಎಲ್ಲರ ಮುಂದೆ ಹೇಳಬೇಡ. ಇಲ್ಲಿ ಅದು ದೊಡ್ಡ ವಿಷಯವೇ ಅಲ್ಲ. ಎಲ್ಲರೂ ಜಿಗಿಯುತ್ತಾರೆ. ಹೇಳಿಕೊಂಡು ತಿರುಗುವುದು ಸೈನ್ಯದವರಿಗೆ ಶೋಭೆಯಲ್ಲ ಎನ್ನುತ್ತಾರೆ.

ಡ್ರಿಲ್ ಪರೀಕ್ಷೆ ಪಾಸಾದೆ. ಗುಡ್ಡದ ಓಟದಲ್ಲಿ ಹುಡುಗಿಯರಲ್ಲಿ ಮೊದಲು ಬಂದೆ. ಖುಷ್ಬೂ ಆಸ್ಪತ್ರೆಯಿಂದ ಬಂದಿದ್ದಾಳೆ. ಎಡಗಿವಿ ಇನ್ನೂ ಸರಿಯಾಗಿ ಕೇಳುವುದಿಲ್ಲ, ನೀರಿಗೆ ಇಳಿಯುವಂತಿಲ್ಲ. ಅವಳಿಗೆ ಶಿಕ್ಷೆಯೂ ಆಯಿತು. ಮಧ್ಯಾಹ್ನದ ಬಿಸಿಲಿನಲ್ಲಿ ಬೆನ್ನಿಗೆ ಚೀಲ ಬಿಗಿದುಕೊಂಡು ಮೈದಾನ ಸುತ್ತುತ್ತಾಳೆ. ನಾವು ಸೈಕಲ್ಲಿನಲ್ಲಿ ಪಕ್ಕದಿಂದಲೇ ಹೋಗುತ್ತೇವೆ. ಸಾಲಿನಲ್ಲಿದ್ದಾಗ ಅತ್ತಿತ್ತ ನೋಡುವಂತಿಲ್ಲ, ಕಣ್ಣು ನೇರ ಇಡಬೇಕು. ಆ ನಿಯಮ ಇರುವುದು ಒಳ್ಳೆಯದೇ ಆಯಿತು.

ಈಗ ನನ್ನ ಬೊಬ್ಬೆಗಳಿಗೆ ನಾನೇ ಪಟ್ಟಿ ಕಟ್ಟಿಕೊಳ್ಳುತ್ತೇನೆ.

ಮಾಯಾಳನ್ನು ಬಾವಿಗೆ ಇಳಿಸಬೇಡ. ಅವಳು ಮೊದಲು ಗಣಿತ ಓದಲಿ.

ಸಿದ್ದಿ

*

ಭಾಲ್ಕಿ,
12 ಅಕ್ಟೋಬರ್ 2025

ತಂಗಿ ಸಿದ್ದಿಗೆ,

ತಡವಾಯಿತು. ಗ್ಯಾರೇಜಿನಲ್ಲಿ ಕೆಲಸ ಬಹಳ. ಸೋಯಾ ರಾಶಿ ನಡೆದಿದೆ, ಮಳೆಯಲ್ಲಿ ನೆಂದದ್ದನ್ನು ಆರಿಸಿ ಒಣಗಿಸಬೇಕಾಯಿತು. ಅಪ್ಪನ ಎರಡು ಕುರಿ ಈದವು. ಅವ್ವ ಆರಾಮ. ಕಾಕಾನ ಮನೆಯಲ್ಲಿ ಎಲ್ಲ ಆರಾಮ. ಮಾಯಾಳಿಗೆ ದಸರಾ ರಜೆ, ಮನೆಯಲ್ಲೇ ಇರುತ್ತಾಳೆ.

ನಿನ್ನ ಮಾತು ಸರಿ. ಹೇಳಿಕೊಂಡು ತಿರುಗಬಾರದು.

ಸಂಜು

*

ಅಕಾಡೆಮಿ,
26 ಅಕ್ಟೋಬರ್ 2025

ಅಣ್ಣಾ,

ನಿನ್ನ ಪತ್ರ ಓದಿ, ನಾನು ಬುದ್ಧಿ ಹೇಳಿದ್ದಕ್ಕೆ ನಿನಗೆ ಸಿಟ್ಟು ಬಂದಿದೆ, ಸಾಹೇಬಳಾದಳು ಅಂದುಕೊಂಡಿದ್ದೀಯ ಎಂದು ಒಂದು ವಾರ ಒದ್ದಾಡಿದೆ. ಇವತ್ತು ಫೋನಿನಲ್ಲಿ ಅವ್ವನ ಬಾಯಿಂದ ಜಾರಿತು. "ಮಾಯಾನ ಕಾಲಾಗಿಂದು ರಾಡ್ ಯಾವಾಗ ತೆಗೀತಾರೋ ಏನೋ, ಪಾಪ ಕೂಸು" ಅಂದಳು. ಏನಾಯಿತು ಅನ್ನುವಷ್ಟರಲ್ಲಿ "ಬಾವ್ಯಾಗ ಜಿಗೀಲಿಕ್ಕ ಹೋಗಿ..." ಅಂದಳು. ಎರಡು ನಿಮಿಷ ಮುಗಿಯಿತು. ಹಿಂದೆ ನಿಂತವಳು ಫೋನು ಇಸಿದುಕೊಂಡಳು.

ನೀನು ಯಾಕೆ ಮುಚ್ಚಿಟ್ಟೆ ಎಂದು ಕೇಳುವ ಮುಖ ನನಗಿಲ್ಲ. ಕೂತು ಓದು.

ನಾನು ಜಿಗಿಯಲಿಲ್ಲ.

ಆವತ್ತು ಹಲಗೆ ಒದ್ದೆಯಾಗಿತ್ತು. ಹಲಗೆಯ ಮೇಲೆ ಒಬ್ಬರೇ ಇರಬೇಕು, ಮುಂದಿನವರು ಏಣಿಯ ತುದಿಯಲ್ಲಿ ಕಾಯಬೇಕು ಎಂಬುದು ನಿಯಮ. ನನ್ನ ಹಿಂದೆ ಏಣಿಯಲ್ಲಿ ಖುಷ್ಬೂ ಇದ್ದಳು. ನಾನು ಅಂಚಿನ ತನಕ ಹೋದೆ. ಕೆಳಗೆ ನೀರು ಅಂಗೈಯಷ್ಟು ಕಂಡಿತು. ಈಜು ಕಲಿಸುವ ಉಸ್ತಾದರು ಸೀಟಿ ಊದಿದರು. ಕಾಲು ಏಳಲಿಲ್ಲ. ಇನ್ನೊಮ್ಮೆ ಊದಿದರು. ಕೆಳಗಿನಿಂದ ಹುಡುಗರು "ನಕ್ಕೋ, ನಕ್ಕೋ" ಎಂದು ಕೂಗತೊಡಗಿದರು. ಅಣ್ಣಾ, ನನ್ನ ತೊಡೆಯ ಮೇಲೆ ಬಿಸಿ ಇಳಿದದ್ದು ಗೊತ್ತಾಯಿತು. ಮೈಯೆಲ್ಲ ಮೊದಲೇ ಒದ್ದೆಯಿದ್ದುದರಿಂದ ಯಾರಿಗೂ ತಿಳಿಯಲಿಲ್ಲ.

ಹಿಂತಿರುಗಿದೆ. ಇಳಿದುಬಿಡುವುದು ಎಂದುಕೊಂಡೆ. ಖುಷ್ಬೂ ನಿಯಮ ಮೀರಿ ಹಲಗೆಯ ಮೇಲೆ ಎರಡು ಹೆಜ್ಜೆ ಬಂದು ಕೈ ಚಾಚಿದಳು. "ಸಿದ್ದಿ, ಕೆಳಗೆ ನೋಡಬೇಡ. ನನ್ನ ಮುಖ ನೋಡು. ಏನೂ ಆಗುವುದಿಲ್ಲ" ಎಂದಳು. ನಾನು ಅವಳ ಕೈಯನ್ನು ಎರಡೂ ಕೈಯಿಂದ ಅಪ್ಪಿಬಿಟ್ಟೆ. ಅವಳು "ಬಿಡು, ಸಿದ್ದಿ ಬಿಡು" ಎನ್ನುತ್ತಲೇ ಇದ್ದಳು. ಬಿಡಲಿಲ್ಲ. ಹಿಂದೆ ಸರಿದೆ, ಹಲಗೆ ಮುಗಿಯಿತು. ಇಬ್ಬರೂ ಬಿದ್ದೆವು. ನಾನು ಕಾಲು ಕೆಳಗಾಗಿ ನೇರ ಬಿದ್ದೆ. ಅವಳು ಮಗ್ಗುಲಾಗಿ, ಕಿವಿ ನೀರಿಗೆ ಬಡಿಯುವಂತೆ ಬಿದ್ದಳು. ಮೇಲೆತ್ತಿದಾಗ ಕಿವಿಯಿಂದ ರಕ್ತ ಬರುತ್ತಿತ್ತು.

ಉಸ್ತಾದರು ನನ್ನನ್ನು ಕೇಳಿದರು, "ಏನಾಯಿತು? ಅವಳು ತಳ್ಳಿದಳಾ?" ನಾನು ಅಂದದ್ದು ಇಷ್ಟೇ, "ಹಿಂದಿನಿಂದ ಬಂದಳು, ಸರ್." ಅದು ಸುಳ್ಳಲ್ಲ ನೋಡು. ಅವಳು ಬಂದದ್ದು ನಿಜ. ಉಳಿದದ್ದನ್ನು ಅವರೇ ತುಂಬಿಕೊಂಡರು. "ಹೇಗಾದರೂ ಆಗಲಿ, ನೀನು ಕೆಳಗೆ ಬಂದಿದ್ದೀಯ. ಪಾಸು" ಎಂದರು. ಖುಷ್ಬೂ ಮೇಲೆ ಹಲಗೆಯಲ್ಲಿ ಹುಡುಗಾಟ ಮಾಡಿದ ಆರೋಪ ಬಂತು. ಮೈದಾನ ಸುತ್ತಿದ್ದು ಅದಕ್ಕೆ. ಕಿವಿಯಿಂದಾಗಿ ಈಜು ತಪ್ಪಿದೆ, ಇನ್ನು ಅವಳನ್ನು ಒಂದು ಟರ್ಮ್, ಅಂದರೆ ಆರು ತಿಂಗಳು ಹಿಂದಕ್ಕೆ, ಮುಂದೆ ಬರುವ ಹೊಸಬರ ಜೊತೆ ಹಾಕಬಹುದು ಎನ್ನುತ್ತಿದ್ದಾರೆ.

ಆವತ್ತೇ ಸಂಜೆ ನಿನಗೆ "ಜಿಗಿದೆ" ಎಂದು ಬರೆಯಲು ಕೂತೆ, ಆಗಲಿಲ್ಲ. ಎರಡು ದಿನ ಬಿಟ್ಟು ಬರೆದೆ. ನೀನು ಅದನ್ನು ಮೈಕಿನಲ್ಲಿ ಹೇಳಿದೆ. ಮಾಯಾ ಅದನ್ನು ಕೇಳಿ ಬಾವಿಗೆ ಹೋದಳು.

ಅವಳಿಗೆ ಏನಾಯಿತು, ಹೇಗಾಯಿತು, ಮುಚ್ಚದೆ ಬರಿ. ನಾನು ಹೋಗಿ ನಿಜ ಹೇಳಬೇಕು ಎಂದುಕೊಳ್ಳುತ್ತೇನೆ, ಬಾಗಿಲ ತನಕ ಹೋಗಿ ಮರಳುತ್ತೇನೆ. ಆಫೀಸಿನ ಬಾಗಿಲೂ ನನಗೆ ಹಲಗೆಯ ಅಂಚಿನಂತೆಯೇ ಆಗಿದೆ.

ಸಿದ್ದಿ

*

ಭಾಲ್ಕಿ,
4 ನವೆಂಬರ್ 2025

ಸಿದ್ದಿ,

ನಿನ್ನ ಪತ್ರ ಮೂರು ದಿನದ ಹಿಂದೆ ಬಂತು. ಮೊದಲು ನಿನ್ನ ಮೇಲೆ ಬಂದ ಸಿಟ್ಟಿನಲ್ಲಿ ಪತ್ರ ಹರಿದು ಹಾಕಲು ಹೋದೆ. ಆಮೇಲೆ ನನ್ನದೇ ನೆನಪಾಗಿ ಕೈ ನಿಂತಿತು.

ಸೆಪ್ಟೆಂಬರ್ ಹದಿನಾಲ್ಕು, ರವಿವಾರ. ನಿನ್ನ ಪತ್ರ, ಬಾವಿಗೆ ಇಳಿಸಬೇಡ ಅಂದದ್ದು, ಹಿಂದಿನ ದಿನವೇ ಬಂದಿತ್ತು. ಕಿಸೆಯಲ್ಲೇ ಇತ್ತು. ಮಾಯಾ ಡಬ್ಬಿ ಕಟ್ಟಿಕೊಂಡು ಈಜುವುದನ್ನು ಬೇಗ ಕಲಿತಿದ್ದಳು. ಆವತ್ತು ಮೆಟ್ಟಿಲಿನಿಂದ ಇಳಿಯದೆ ಮೇಲಿನ ಕಟ್ಟೆಯಿಂದ ಜಿಗಿಯಲಿ ಎಂದು ನಾನೇ ಹೇಳಿದೆ. ಬಾವಿಯ ಸುತ್ತ ನಾಲ್ಕೈದು ಮಂದಿ ನೋಡಲು ನಿಂತಿದ್ದರು. ಅವಳು ಕಟ್ಟೆಯ ಮೇಲೆ ನಿಂತು, "ಅಣ್ಣಾ, ನಂಗ ಅಂಜಿಕಿ ಬರ್ಲತಾದ, ಇವತ್ ಬ್ಯಾಡ" ಅಂದಳು. ನಾನು ಮಂದಿಯ ಮುಂದೆ ನಕ್ಕೆ. "ಸಿದ್ದಿ ಇದರ ಮೂರಪಟ್ಟು ಎತ್ತರಲಿಂದ ಜಿಗದಾಳ. ಆಕಿ ತಂಗಿ ಅನ್ನಲಿಕ್ಕ ನಾಚಿಕಿ ಬರ್ತದ ನಿಂಗ" ಅಂದೆ. ಹೀಗೇ ಅಂದೆ. ಈ ಕೈಯಿಂದಲೇ ಬರೆಯುತ್ತಿದ್ದೇನೆ.

ಅವಳು ಒಂದು ಕಾಲು ಎತ್ತಿ, ಕೊನೆ ಗಳಿಗೆಯಲ್ಲಿ ಹಿಂದಕ್ಕೆ ಎಳೆದುಕೊಂಡಳು. ಜಾರಿದಳು. ನೀರಿಗೆ ನೇರ ಬೀಳದೆ ಗೋಡೆ ಗುಂಟ ಇಳಿದು, ಪಂಪಸೆಟ್ಟಿನ ಕಬ್ಬಿಣದ ಚೌಕಟ್ಟಿಗೆ ಕಾಲು ಬಡಿಯಿತು. ನಾನು ಜಿಗಿದು ಎತ್ತಿದೆ. ಬೀದರಕ್ಕೆ ಒಯ್ದೆವು. ಮೊಣಕಾಲಿನ ಕೆಳಗಿನ ಎಲುಬು ಮುರಿದಿತ್ತು, ರಾಡ್ ಹಾಕಿದರು. ದವಾಖಾನೆಯಿಂದ ಮರಳಿ ಬರುವಾಗ ಬೀದರದ ಚಿದ್ರಿಯಲ್ಲಿ ಓದುವಾಗ ನೀನಿದ್ದ ಹಾಸ್ಟೆಲ್ಲಿನ ಮುಂದೆ ಗಾಡಿ ಹಾದುಹೋಯಿತು. ಮೇಲೆ ವಾಯುಸೇನೆಯ ತರಬೇತಿ ವಿಮಾನ ಹಾರುತ್ತಿತ್ತು. ಹೋದ ವರ್ಷವಾದರೆ ಮಾಯಾ ಕಿಟಕಿಯಿಂದ ತಲೆ ಹೊರಗೆ ಹಾಕಿ ನೋಡುತ್ತಿದ್ದಳು. ಆವತ್ತು ಕಣ್ಣು ಮುಚ್ಚಿಕೊಂಡಳು.

ಮನೆಯಲ್ಲಿ "ತಾನಾಗೇ ಜಿಗದಳು, ನಾ ಬ್ಯಾಡಂದಿದ್ದೆ" ಎಂದು ಹೇಳಿದ್ದೇನೆ. ನೋಡಿದ ಮಂದಿ ನನ್ನ ಮುಖ ನೋಡಿ ಸುಮ್ಮನಾದರು. ಮಾಯಾಳೂ ಏನೂ ಹೇಳಿಲ್ಲ. ಅವಳು ಯಾರ ಜೊತೆಗೂ ಮಾತಾಡುತ್ತಿಲ್ಲ. ಕಟ್ಟಿಗೆಯ ಕೋಲು ಹಿಡಿದು ನಡೆಯಬಹುದು ಅಂದಿದ್ದಾರೆ ಡಾಕ್ಟರು, ಆದರೆ ಸಾಲಿಗೆ ಹೋಗಲು ಒಲ್ಲೆ ಅನ್ನುತ್ತಾಳೆ. ಗೆಳತಿಯರು ಬಂದರೆ ಗೋಡೆಗೆ ಮುಖ ಮಾಡಿ ಮಲಗುತ್ತಾಳೆ.

ಈಗ ನನ್ನ ಮಾತು ಕೇಳು. ನೀನು ಬಾಯಿ ಮುಚ್ಚಿಕೊಂಡಿರು. ನೀನು ಅವಳ ಕೈ ಹಿಡಿದೆಳೆದದ್ದನ್ನು ಕೆಳಗಿನವರು ಯಾರೂ ನೋಡಿಲ್ಲ. ಆ ಹುಡುಗಿಯ ಶಿಕ್ಷೆ ಮುಗಿದುಹೋಯಿತು, ಈಗ ನೀನು ಹೇಳಿದರೆ ಅವಳ ಕಿವಿ ಮರಳಿ ಬರುತ್ತದೆಯೇ? ನಿನ್ನನ್ನು ಹೊರಗೆ ಹಾಕಿದರೆ ಅಪ್ಪ ಊರಲ್ಲಿ ಹೇಗೆ ತಿರುಗಬೇಕು? ಕಾಕಿ ನನ್ನ ಕಾಲರು ಹಿಡಿದು ಕೇಳಿದರೆ, ಆ ಜಿಗಿತವೇ ಸುಳ್ಳು ಅಂತ ಯಾವ ಬಾಯಿಂದ ಹೇಳಲಿ? ನಿನ್ನ ಸಲುವಾಗಿ ಅಲ್ಲ, ನನ್ನ ಸಲುವಾಗಿ ಸುಮ್ಮನಿರು.

ಸಂಜು

*

ಅಕಾಡೆಮಿ,
23 ನವೆಂಬರ್ 2025

ಅಣ್ಣಾ,

ನಿನ್ನ ಮಾತು ಕೇಳಲಿಲ್ಲ. ಹೇಳಬೇಕೆಂದೇ ಹೋದೆ ಎನ್ನಲಾರೆ. ಸೋಮವಾರ ನಮ್ಮ ಸ್ಕ್ವಾಡ್ರನ್ನನ್ನು ನೋಡಿಕೊಳ್ಳುವ ಮೇಜರ್ ಮೇಡಮ್ ಟರ್ಮಿನ ಕೊನೆಯ ವರದಿ ಓದಲು ಒಬ್ಬೊಬ್ಬರನ್ನೇ ಕರೆದರು. ನನ್ನದು ಓದುತ್ತಾ, "ಓಟ ಉತ್ತಮ. ನೀರಿಗೆ ಹೊಸಬಳು, ಆದರೂ ಹತ್ತು ಮೀಟರ್ ಮೊದಲ ಯತ್ನದಲ್ಲೇ. ಧೈರ್ಯ ಉತ್ತಮ" ಎಂದರು. ಧೈರ್ಯ ಎಂಬ ಪದ ಕಿವಿಗೆ ಬಿದ್ದಾಗ ನನಗೆ ಮಾಯಾ ಗೋಡೆಗೆ ಮುಖ ಮಾಡಿ ಮಲಗಿದ್ದು ಕಂಡಿತು. "ನಾನು ಜಿಗಿಯಲಿಲ್ಲ, ಮೇಡಮ್" ಎಂದೆ.

ಎಲ್ಲ ಹೇಳಿದೆ. ಒದ್ದೆಯಾದದ್ದನ್ನೂ ಹೇಳಿದೆ. ಅವರು ಪೆನ್ನು ಕೆಳಗಿಟ್ಟು ಕೇಳಿಸಿಕೊಂಡರು. ಆಮೇಲೆ, "ಹೆದರಿಕೆಯಾಯಿತು ಎಂದು ಆವತ್ತೇ ಹೇಳಿದ್ದರೆ ಏನಾಗುತ್ತಿತ್ತು ಗೊತ್ತೇ? ದಿನಾ ಸಂಜೆ ನಿನ್ನನ್ನು ಚಿಕ್ಕ ಹಲಗೆಯಿಂದ ಇಳಿಸುತ್ತಿದ್ದೆವು. ನಿನ್ನ ಜೊತೆಯವರಲ್ಲಿ ನಾಲ್ವರು ಹಾಗೇ ಕಲಿತರು" ಎಂದರು. ನನಗೆ ಆ ನಾಲ್ವರ ಸುದ್ದಿಯೇ ಗೊತ್ತಿರಲಿಲ್ಲ. "ಇಷ್ಟು ತಿಂಗಳು ಯಾಕೆ ಸುಮ್ಮನಿದ್ದೆ?" ಎಂದು ಕೇಳಿದರು.

"ಮನೆಯಲ್ಲಿ ಎಲ್ಲರೂ ಜಿಗಿದೆ ಅಂದುಕೊಂಡಿದ್ದಾರೆ, ಮೇಡಮ್."

"ಅವರಿಗೂ ಹೇಳು" ಎಂದರು.

ತೀರ್ಮಾನ ನಿನ್ನೆ ಬಂತು. ಹೊರಗೆ ಹಾಕಲಿಲ್ಲ. ಒಂದು ಟರ್ಮ್ ಹಿಂದಕ್ಕೆ ಹಾಕಿದ್ದಾರೆ. ಜನವರಿಯಲ್ಲಿ ಹೊಸಬರ ಜೊತೆ ಮತ್ತೆ ಮೊದಲಿನಿಂದ ಶುರು, ಸೈಕಲ್ಲು ಹೊರುವುದರಿಂದ ಹಿಡಿದು ಎಲ್ಲ. ಖುಷ್ಬೂ ಮೇಲಿನ ಆರೋಪ ತೆಗೆದುಹಾಕಿದರು. ಆದರೆ ಈಜು ಆಗಿಲ್ಲವಾದ್ದರಿಂದ ಅವಳೂ ಹಿಂದಕ್ಕೆ ಬಿದ್ದಳು. ಅದನ್ನು ಯಾರೂ ತಪ್ಪಿಸಲಾಗಲಿಲ್ಲ. ಇಬ್ಬರೂ ಒಂದೇ ಸಾಲಿನಲ್ಲಿ ನಿಲ್ಲಬೇಕು.

ಅವಳ ಕೋಣೆಗೆ ಹೋದೆ. ಬಲಗಿವಿಯ ಕಡೆ ನಿಂತು ಮಾತಾಡಬೇಕು, ಎಡಗಡೆಯಿಂದ ಹೇಳಿದರೆ ಅರ್ಧ ಕೇಳುವುದಿಲ್ಲ. ಹೇಳಿದೆ. ಅವಳು ಬೂಟು ಉಜ್ಜುತ್ತಲೇ ಇದ್ದಳು.

"ನಾನು ಆಸ್ಪತ್ರೆಯಲ್ಲೇ ಹೇಳಿದ್ದೆ, ತಳ್ಳಲಿಲ್ಲ ಎಂದು. ನಂಬಲಿಲ್ಲ. ನಿನ್ನ ಉಗುರಿನ ಗುರುತು ನನ್ನ ಕೈಮೇಲೆ ಎಷ್ಟು ದಿನ ಇತ್ತು ಗೊತ್ತಾ? ದಿನಾ ನೋಡಿಕೊಂಡು, ಇವತ್ತು ಸಿದ್ದಿ ಬರುತ್ತಾಳೆ ಅಂದುಕೊಳ್ಳುತ್ತಿದ್ದೆ. ಗುರುತು ಹೋಯಿತು. ನೀನು ಬರಲಿಲ್ಲ."

ಮಾಫಿ ಕೇಳಿದೆ.

"ಈಗ ನಾನು ಪರವಾಗಿಲ್ಲ ಅನ್ನಬೇಕಾ?" ಎಂದಳು. "ಪರವಾಗಿದೆ." ಇನ್ನೊಂದು ಬೂಟು ಎತ್ತಿಕೊಂಡಳು. ನಾನು ಬಂದುಬಿಟ್ಟೆ.

ಮೊನ್ನೆಯಿಂದ ಸಂಜೆಗಳಲ್ಲಿ ಮೂರು ಮೀಟರಿನ ಹಲಗೆಯಿಂದ ಇಳಿಯುತ್ತಿದ್ದೇನೆ. ಮೊದಲ ದಿನ ಏಣಿಯಿಂದಲೇ ಕೆಳಗೆ ಬಂದೆ. ನಿನ್ನೆ ಜಿಗಿದೆ, ಕಿರುಚಿಕೊಂಡೇ ಜಿಗಿದೆ. ಹತ್ತು ಇನ್ನೂ ಆಗಿಲ್ಲ. ಆಗುತ್ತದೆಯೋ ಇಲ್ಲವೋ ತಿಳಿಯದು.

ಅಪ್ಪನಿಗೆ ನೀನೇ ಹೇಳಬೇಕು. ಫೋನಿನ ಎರಡು ನಿಮಿಷದಲ್ಲಿ ನನ್ನಿಂದಾಗುವುದಿಲ್ಲ. ಮಾಯಾಳಿಗೂ ಹೇಳು. ನಿನ್ನ ಪಾಲಿನದು ಹೇಳುತ್ತೀಯೋ ಬಿಡುತ್ತೀಯೋ, ಅದು ನಿನಗೆ ಬಿಟ್ಟದ್ದು. ನನ್ನದನ್ನು ಮಾತ್ರ ಒಂದಕ್ಷರ ಬಿಡದೆ ಹೇಳು. ರಜೆಗೆ ಡಿಸೆಂಬರ್ ಕೊನೆಯ ವಾರ ಬರುತ್ತೇನೆ. ಬರಬಹುದು ತಾನೆ?

ಸಿದ್ದಿ

*

ಊರು,
14 ಡಿಸೆಂಬರ್ 2025

ಸಿದ್ದಿ,

ಇದನ್ನು ಊರಲ್ಲೇ ಕೂತು ಬರೆಯುತ್ತಿದ್ದೇನೆ.

ನಿನ್ನ ಪತ್ರ ಬಂದ ಮೇಲೆ ಎರಡು ರವಿವಾರ ಏನೋ ನೆವ ಹೇಳಿ ಊರಿಗೆ ಬರಲಿಲ್ಲ. ಗ್ಯಾರೇಜಿನಲ್ಲೇ ಉಳಿದೆ. ಶುಕ್ರವಾರ ಅಪ್ಪನೇ ಭಾಲ್ಕಿಗೆ ಬಂದುಬಿಟ್ಟ. ಬಸ್ಸಿನಿಂದ ಇಳಿದು ನೇರ ಗ್ಯಾರೇಜಿಗೆ ಬಂದು, "ಪೋರಿಗಿ ಏನಾಗ್ಯಾದ? ಅವ್ವನ್ ಜೋಡಿ ಫೋನ್‌ನ್ಯಾಗ ಬರೀ ಅಳ್ತಾಳಂತ. ನೀನೂ ಮನಿಗಿ ಬರ್ವಲ್ಲಿ" ಅಂದ. ಅಲ್ಲೇ ಹಳೇ ಟೈರಿನ ಮೇಲೆ ಕೂಡಿಸಿ ಎಲ್ಲ ಹೇಳಿದೆ. ನಿನ್ನದು ಹೇಳಿದೆ. ಆಮೇಲೆ ನನ್ನದೂ ಹೇಳಿದೆ. ಹೇಳದೆ ಬಿಡಬಹುದಿತ್ತು, ಆದರೆ ನಿನ್ನದು ಮುಗಿದಾಗ ಅಪ್ಪ, "ಅಲ್ಲೋ, ಅದಕ್ಕ ಮಾಯಾ ಹಂಗ ಮಾಡಿದಳೇನು? ನೀ ಬ್ಯಾಡಂದಿದ್ದಿ, ಅಂದ್ರೂ?" ಅಂದ. ಅವನ ಮುಖ ನೋಡಿ ಮುಚ್ಚಿಡಲು ಆಗಲಿಲ್ಲ.

ಅಪ್ಪ ನನಗೆ ಬೈಯಲಿಲ್ಲ. ಎದ್ದು ನಿಂತು, "ನಡಿ" ಅಂದ. "ಎಲ್ಲಿಗಿ?" ಅಂದೆ. "ವಿಮಲಾಬಾಯಿ ಮನಿಗಿ. ನಂಗ್ ಹೇಳಿ ಏನ್ ಉಪಯೋಗ? ನನ್ನ ಕಾಲ್ ಮುರದಾದೇನು?" ಔರಾದ ಬಸ್ಸು ಹತ್ತಿದೆವು. ಟಿಕೆಟ್ ತೆಗೆಯುವಾಗ ಕಂಡಕ್ಟರ್, "ಮಿಲಿಟ್ರಿ ಮಗಳು ಹ್ಯಾಂಗ ಅದಾಳ್ರಿ?" ಎಂದು ಕೇಳಿದ. ಅಪ್ಪ, "ಆರ್ ತಿಂಗಳು ಹಿಂದಕ್ಕ ಬಿದ್ದಾಳ್ರಿ. ಮತ್ತ ಮೊದಲಲಿಂದ ಮಾಡ್ಬೇಕು" ಅಂದ. ಕೇಳಿದವನು ಚಿಲ್ಲರೆ ಕೊಟ್ಟು ಮುಂದಿನ ಸೀಟಿಗೆ ಹೋದ. ನನಗೆ ಸೀಟಿನ ಕೆಳಗೆ ಅಡಗಿಕೊಂಡರೆ ಸಾಕು ಅನಿಸಿತು. ಅಪ್ಪ ಕಂಬಳಿ ಸರಿ ಮಾಡಿಕೊಂಡು ಕಿಟಕಿಯಾಚೆ ನೋಡುತ್ತ ಕೂತ.

ಕಾಕಿ ತೊಗರಿ ಹಸನು ಮಾಡುತ್ತಿದ್ದಳು. ನಾನು ಹೊಸ್ತಿಲ ಒಳಗೆ ಹೋಗದೆ ಅಲ್ಲೇ ನಿಂತು ಹೇಳಿದೆ. "ಕಾಕಿ, ಮಾಯಾ ಬ್ಯಾಡ ಅಂದಿದ್ದಳು. ಅಂಜಿಕಿ ಬರ್ಲತಾದ ಅಂದಿದ್ದಳು. ನಾನೇ ನಗಾಡಿ ಜಿಗಸ್ದೆ." ಕಾಕಿ ಕೈಯಲ್ಲಿದ್ದ ಮೊರ ನನ್ನ ಕಡೆ ಎಸೆದಳು. ತೊಗರಿ ಅಂಗಳದ ತುಂಬ ಹರಡಿತು. "ಮೂರ್ ತಿಂಗಳಾ ನನ್ನ ಕೂಸಿಗಿ ನಾ ಬಯ್ದೀನಲ್ಲೋ! ಬ್ಯಾಡಂದ್ರೂ ಯಾಕ ಜಿಗಿದಿ, ಯಾಕ ಜಿಗಿದಿ ಅಂತ ದಿನಾ ಬಯ್ದೀನಿ. ಆಕಿ ಒಂದ್ ಮಾತ್ ಆಡ್ಲಿಲ್ಲ" ಎಂದು ಅತ್ತಳು. ಆ ಅಳು ನನಗೆ ಮೊರದ ಪೆಟ್ಟಿಗಿಂತ ಹೆಚ್ಚಾಯಿತು. ಇವತ್ತಿಗೂ ಅವಳು ನನ್ನ ಜೊತೆ ಮಾತಾಡಿಲ್ಲ.

ಮಾಯಾ ಒಳಗೆ ಮಲಗಿದ್ದಳು. ನಿನ್ನ ಅಕ್ಟೋಬರದ ಪತ್ರ ಅವಳ ಕೈಗೇ ಕೊಟ್ಟೆ, ನೀನೇ ಓದು ಅಂತ. ಗೋಡೆ ಕಡೆ ತಿರುಗಿಯೇ ಓದಿದಳು. ಒಂದು ಕಡೆ ನಿಂತಳು, ಮತ್ತೆ ಹಿಂದೆ ಹೋಗಿ ಓದಿದಳು. ಆಮೇಲೆ ಎದ್ದು ಕೂತಳು. ಮೂರು ತಿಂಗಳಲ್ಲಿ ಮೊದಲ ಸಲ ನನ್ನ ಮುಖ ನೋಡಿದಳು.

"ಅಕ್ಕಗೂ ಅಂಜಿಕಿ ಬಂದಿತ್ತೇನು?"

"ಹೌದವ್ವಾ."

"ಖರೇನೇ? ಉಚ್ಚಿ ಹೊಯ್ಕೊಂಡಳೇನು?"

"ಖರೇ."

ಸಿದ್ದಿ, ಅವಳು ಬಾಯಿಗೆ ಕೈ ಹಿಡಿದುಕೊಂಡಳು. ನಗುತ್ತಾಳೆ ಅಂದುಕೊಂಡೆ, ಅಳುತ್ತಿದ್ದಳು. "ನಾ ಒಬ್ಬಾಕಿನೇ ಹಂಗ ಅಂತ ತಿಳ್ಕೊಂಡಿದ್ದೆ" ಅಂದಳು. "ಅಕ್ಕ ಅಷ್ಟ್ ಮ್ಯಾಲಿಂದ ನಗತಾ ಜಿಗದಾಳ, ನಾ ಬಾವಿಗಿ ಅಂಜಿ ಕಾಲ್ ಮುರಕೊಂಡೆ ಅಂತ ಸಾಲ್ಯಾಗ ಹ್ಯಾಂಗ ಮಾರಿ ತೋರಸ್ಲಿ ಅಂದ್ಕೊಂಡಿದ್ದೆ." ಕಾಲು ನೋವಿಗೆ ಅಲ್ಲ ಅವಳು ಮಲಗಿದ್ದು. ನಗುತ್ತ ಜಿಗಿದಳು ಅಂದವನು ನಾನು. ಮಸಾಲೆ ಸೇರಿಸಿದೆ ಅಂತ ನಿನಗೆ ಖುಷಿಯಿಂದ ಬರೆದಿದ್ದೆ.

ನಾಳೆ ಸೋಮವಾರ ಸಾಲಿಗೆ ಹೋಗುತ್ತಾಳಂತೆ. ನಾನು ಬೈಕಿನಲ್ಲಿ ಬಿಡುತ್ತೇನೆ ಅಂದೆ. "ನೀ ಬ್ಯಾಡ" ಅಂದಳು. ಕೋಲು ಹಿಡಿದುಕೊಂಡು ಅಂಗಳದಲ್ಲಿ ನಡೆದು ನೋಡುತ್ತಿದ್ದಾಳೆ. ಅಪ್ಪ ಅವಳ ಪಕ್ಕ ನಡೆಯುತ್ತಿದ್ದಾನೆ, ಹಿಡಿಯದೆ.

ನೀನು ಬರಬಹುದು ತಾನೆ ಎಂದು ಕೇಳಿದ್ದೆ. ಅಪ್ಪನಿಗೆ ಅದನ್ನು ಓದಿ ಹೇಳಿದೆ. "ಇದೇನ್ ಕೇಳೋ ಮಾತೇನು" ಎಂದು ನನಗೇ ಬೈದ. ಔರಾದ ನಿಲ್ದಾಣದಲ್ಲಿ ಇಳಿದರೆ ಮಂದಿ ಕೇಳುತ್ತಾರೆ, ನನಗೂ ನಿನಗೂ ಕೇಳುತ್ತಾರೆ. ನಾನು ನಿಲ್ದಾಣಕ್ಕೆ ಬಂದು ನಿಂತಿರುತ್ತೇನೆ. ಇಬ್ಬರೂ ಕೂಡಿಯೇ ಹೇಳೋಣ.

ಈ ಕೆಳಗಿನದು ಮಾಯಾ ಬರೆಯುತ್ತೇನೆಂದು ಪೆನ್ನು ಕಸಿದುಕೊಂಡದ್ದು.

ಅಕ್ಕಾ, ನನ್ನ ಕಾಲು ಕಲ್ಲಾಗಿದ್ದವು, ಕಿವಿ ಗುಂಯ್ ಅಂದಿದ್ದವು. ನಿನಗೂ ಕಿವಿ ಗುಂಯ್ ಅಂದವಾ? ನಾನು ಇನ್ನೂ ನಿನ್ನ ಮೇಲೆ ಸಿಟ್ಟಿನಲ್ಲಿದ್ದೇನೆ, ಆದರೂ ಬಂದ ಕೂಡಲೇ ಮೊದಲು ನಮ್ಮ ಮನೆಗೇ ಬಾ.

ಮಾಯಾ